ಸ್ಕ್ರೀನ್ ಮೇಲೆ ಕರ್ಚೀಫ್ ಹಾಕಿ: ರೈಫಲ್ ಶೂಟಿಂಗ್ ಶುರು ಮಾಡುವವರಿಗೆ

ಮಗಳನ್ನು ಬೇಸಿಗೆ ಶಿಬಿರಕ್ಕೆ ಬಿಟ್ಟು ಬರಲು ಹೋದವಳು ನಾನು. ಅವಳಿಗೆ ಒಂದೇ ತಿಂಗಳಲ್ಲಿ ಬೇಜಾರಾಗಿ ಕೀಬೋರ್ಡ್ ಕ್ಲಾಸಿಗೆ ಸೇರಿಕೊಂಡಳು. ಆದರೆ ಫೀಸು ಮೂರು ತಿಂಗಳಿಗೆ ಕಟ್ಟಿಯಾಗಿತ್ತು. ದುಡ್ಡು ಸುಮ್ನೆ ಹೋಗುತ್ತಲ್ಲ ಅಂತ ಉಳಿದ ಎರಡು ತಿಂಗಳು ನಾನೇ ಹೋಗಿ ನಿಂತೆ. ಈಗ ಎರಡು ವರ್ಷವಾಯಿತು. ವಾರಕ್ಕೆ ಮೂರು ಸಂಜೆ ವಿಜಯನಗರದಿಂದ ಹೊರಟು, ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಕಳೆದು, ಒಂದು ಫರ್ನಿಚರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ 10 ಮೀಟರ್ ರೇಂಜಿಗೆ ಹೋಗುತ್ತೇನೆ. ನಾನು ಚಾಂಪಿಯನ್ ಅಲ್ಲ, ಕೋಚೂ ಅಲ್ಲ. ಆದರೆ ಶುರುವಿನಲ್ಲಿ ಮಾಡಿದ ತಪ್ಪುಗಳು ಇನ್ನೂ ಹಸಿಯಾಗಿ ನೆನಪಿವೆ. ದೊಡ್ಡ ಶೂಟರ್‌ಗಳಿಗೆ ಅವು ಮರೆತೇ ಹೋಗಿರುತ್ತವೆ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಹೊಸಬರು ಶುರು ಮಾಡುವುದು ಹೆಚ್ಚಾಗಿ 10 ಮೀಟರ್ ಏರ್ ರೈಫಲ್‌ನಿಂದ. ಗಾಳಿಯ ಒತ್ತಡದಿಂದ 4.5 ಮಿಲಿಮೀಟರ್ ದಪ್ಪದ ಸೀಸದ ಪೆಲೆಟ್ ಹಾರುತ್ತದೆ. ನಿಂತುಕೊಂಡೇ ಹೊಡೆಯಬೇಕು. ಗುರಿಹಲಗೆಯ ಹೊರಗಿನ ವೃತ್ತ 45.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕದು. ಪೆಲೆಟ್ ಆ ಚುಕ್ಕೆಯನ್ನು ಸವರಿದರೂ ಹತ್ತು. ಸರಿಯಾಗಿ ನಡುವೆ ಬಿದ್ದರೆ 10.9. ಪೂರ್ತಿ ಮ್ಯಾಚ್ ಅಂದರೆ 60 ಶಾಟ್, ಅಂದರೆ ಗರಿಷ್ಠ 654. ಮೊದಲು ಹೆಂಗಸರಿಗೆ 40 ಶಾಟ್ ಇತ್ತು, 2018ರಿಂದ ಇಬ್ಬರಿಗೂ 60.

ಬೀಜಿಂಗ್‌ನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ, ಕೊನೆಯ ಶಾಟ್ 10.8. ನಮ್ಮೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೊರಿಯಾದ ಚಾಂಗ್ವಾನ್‌ನಲ್ಲಿ ಏಷ್ಯನ್ ಶೂಟಿಂಗ್ ಚಾಂಪಿಯನ್‌ಶಿಪ್ಪಿನ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಕೋಟಾ, ಅಂದರೆ ಒಲಿಂಪಿಕ್ಸ್‌ನಲ್ಲಿ ಒಂದು ಸ್ಥಾನ, ತಂದಾಗ ಇನ್ನೂ ಹದಿನೈದರ ಹುಡುಗಿ. ನಮ್ಮ ರೇಂಜಿನ ಮಕ್ಕಳ ಬಾಯಲ್ಲಿ ಬಿಂದ್ರಾಗಿಂತ ಅವಳ ಹೆಸರೇ ಜಾಸ್ತಿ.

ಸೇರುವ ಮೊದಲು ಸುಮ್ನೆ ಹೋಗಿ ಕೂತು ನೋಡಿ

ಅಕಾಡೆಮಿ ಆರಿಸುವಾಗ ಗೋಡೆಯ ಮೇಲಿನ ಫೋಟೋ, ಪದಕ ಎಣಿಸಬೇಡಿ. ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ನೋಡಿ. ರೈಫಲ್ ಕೆಳಗಿಟ್ಟಾಗ ಅದರ ನಳಿಗೆಯೊಳಗೆ ಬಣ್ಣದ ದಾರ ತೂರಿಸುತ್ತಾರಾ? ಅದಕ್ಕೆ ಸೇಫ್ಟಿ ಫ್ಲ್ಯಾಗ್ ಅನ್ನುತ್ತಾರೆ. ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಗೊತ್ತಾಗಲಿ ಅಂತ ಅದು. ಯಾರಾದರೂ ಗುರಿಯ ಕಡೆ ನಡೆದು ಹೋಗುವಾಗ ಉಳಿದವರೆಲ್ಲ ರೈಫಲ್ ಕೆಳಗಿಟ್ಟು ಹಿಂದೆ ಸರಿಯುತ್ತಾರಾ? ಕೋಚ್ ಶೂಟರ್‌ಗಳ ಹಿಂದೆ ನಿಂತಿರುತ್ತಾರಾ, ಇಲ್ಲ ಫೋನಿನಲ್ಲೇ ಇರುತ್ತಾರಾ? ಇವು ಸರಿಯಿಲ್ಲದಿದ್ದರೆ ಎಷ್ಟೇ ಹತ್ತಿರದ ಜಾಗವಾದರೂ ಬೇಡ.

ದುಡ್ಡಿನ ವಿಷಯ ಬಾಯಿಬಿಟ್ಟು ಕೇಳಿ. ಲೇನ್ (ಒಬ್ಬೊಬ್ಬರು ನಿಂತು ಹೊಡೆಯುವ ಜಾಗ) ಬಾಡಿಗೆ, ಕೋಚಿಂಗ್, ಪೆಲೆಟ್, ರೈಫಲ್ ಬಾಡಿಗೆ ಎಲ್ಲ ಸೇರಿದ ಫೀಸೋ, ಬೇರೆ ಬೇರೆಯೋ? ನಾನು ಕೇಳಲಿಲ್ಲ. ಮೊದಲ ತಿಂಗಳ ಕೊನೆಗೆ ಪೆಲೆಟ್ ಡಬ್ಬಿಯ ಲೆಕ್ಕ ಬಂದಾಗ ಮುಖ ಸಣ್ಣದಾಯಿತು.

ಲೈಸೆನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2016ರ ಆಯುಧ ನಿಯಮಗಳ ಪ್ರಕಾರ, .177 ಅಂದರೆ 4.5 ಮಿಲಿಮೀಟರ್ ಏರ್ ರೈಫಲ್ 20 ಜೂಲ್ ಶಕ್ತಿ ಮೀರದಿದ್ದರೆ ಲೈಸೆನ್ಸ್ ಬೇಕಿಲ್ಲ. 50 ಮೀಟರಿನಲ್ಲಿ ಬಳಸುವ .22 ರೈಫಲ್‌ಗೆ ಬೇಕು. ಆದರೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಆಟಿಕೆ ಅಂದುಕೊಳ್ಳಬೇಡಿ. ಕಣ್ಣು ಹೋಗಲು ಏರ್ ರೈಫಲ್ ಸಾಕು. ಬ್ಯಾಗಿನಲ್ಲಿ ರೈಫಲ್ ಇಟ್ಟುಕೊಂಡು ಮೆಟ್ರೋ ಸ್ಟೇಷನ್ನಿಗೂ ಹೋಗಬೇಡಿ. ಅಲ್ಲಿ ಆಯುಧ ಒಯ್ಯುವ ಹಾಗಿಲ್ಲ, ಸ್ಕ್ಯಾನರಿನ ಹತ್ತಿರ ನಿಂತು ಒಲಿಂಪಿಕ್ಸ್ ಕಥೆ ಹೇಳಿ ಉಪಯೋಗವಿಲ್ಲ.

ಮೊದಲ ದಿನ: ಬೆರಳು ಮತ್ತು ನಳಿಗೆ

ಎರಡೇ ನಿಯಮ ತಲೆಗೆ ಹೋದರೆ ಸಾಕು. ನಳಿಗೆ ಯಾವಾಗಲೂ ಗುರಿಯ ಕಡೆಗೆ. ಗುರಿ ಹಿಡಿಯುವ ತನಕ ಬೆರಳು ಟ್ರಿಗರ್‌ನಿಂದ ದೂರ.

ಹೇಳಲು ಸುಲಭ. ನಾನು ಮೊದಲ ದಿನವೇ ಏನೋ ಕೇಳಲು ಕೋಚ್ ಕಡೆ ತಿರುಗಿದೆ. ನನ್ನ ಜೊತೆ ರೈಫಲ್ ಕೂಡ ತಿರುಗಿತು. ಅದರಲ್ಲಿ ಪೆಲೆಟ್ ಇರಲಿಲ್ಲ. ಆದರೂ ಇಡೀ ರೇಂಜ್ ಗಪ್‌ಚಿಪ್. ಪಕ್ಕದ ಹುಡುಗ ಬಗ್ಗಿಬಿಟ್ಟಿದ್ದ. ಕೋಚ್ ಬೈಯಲಿಲ್ಲ, ಬಂದು ನಳಿಗೆಯನ್ನು ಮೆಲ್ಲಗೆ ಗುರಿಯ ಕಡೆ ತಳ್ಳಿ, "ಮೇಡಂ, ಕುತ್ತಿಗೆ ತಿರುಗಿಸಿ. ರೈಫಲ್ ಬೇಡ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಇನ್ನೊಂದು ವಿಷಯ, ಯಾರೂ ಜೋರಾಗಿ ಹೇಳದ್ದು. ಪೆಲೆಟ್ ಸೀಸದ್ದು. ಕೈಗೆ ಅಂಟುತ್ತದೆ. ಪ್ರಾಕ್ಟೀಸ್ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬೇಡಿ. ಮಕ್ಕಳು ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿದುಕೊಳ್ಳುವುದನ್ನು ನೋಡಿದ್ದೇನೆ. ನಿಮ್ಮ ಮಗು ಹಾಗೆ ಮಾಡಿದರೆ ಅಲ್ಲೇ ತಡೆಯಿರಿ.

ಯಾವ ಕಣ್ಣು ನಿಮ್ಮದು?

ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ಮತ್ತು ಅಂಗೈ ಸೇರಿಸಿ ಚಿಕ್ಕ ತ್ರಿಕೋನದ ಕಿಂಡಿ ಮಾಡಿ. ಅದರೊಳಗಿಂದ ಗೋಡೆಯ ಗಡಿಯಾರ ನೋಡಿ. ಒಂದು ಕಣ್ಣು ಮುಚ್ಚಿ. ಗಡಿಯಾರ ಅಲ್ಲೇ ಇದ್ದರೆ ತೆರೆದಿರುವುದು ನಿಮ್ಮ ಪ್ರಬಲ ಕಣ್ಣು. ಕಿಂಡಿಯಿಂದ ಹಾರಿ ಹೋದರೆ ಇನ್ನೊಂದು. ಬಲಗೈಯವರಿಗೆ ಎಡಗಣ್ಣು ಪ್ರಬಲವಾಗಿದ್ದರೆ ಕೋಚ್‌ಗೆ ಮೊದಲ ದಿನವೇ ಹೇಳಿ. ಆರು ತಿಂಗಳಾದ ಮೇಲೆ ಭುಜ ಬದಲಿಸುವುದು ದೊಡ್ಡ ಗೋಳು.

ಗುರಿ ಇಡುವಾಗ ಇನ್ನೊಂದು ಕಣ್ಣನ್ನು ಮುಚ್ಚಿ ಹಿಂಡಬೇಡಿ, ಮುಖದ ನರಗಳೆಲ್ಲ ಬಿಗಿಯುತ್ತವೆ. ಆ ಕಣ್ಣಿನ ಮುಂದೆ ಸಣ್ಣ ಬಿಳಿ ಪ್ಲಾಸ್ಟಿಕ್ ತುಂಡು ಇಡಬಹುದು, 30 ಮಿಲಿಮೀಟರ್ ಅಗಲದ ತನಕ ನಿಯಮದಲ್ಲಿ ಅವಕಾಶವಿದೆ. ನಾನು ಶುರುವಿನಲ್ಲಿ ಮದುವೆ ಕಾರ್ಡಿನ ಹಿಂಬದಿ ಕತ್ತರಿಸಿ ಕನ್ನಡಕಕ್ಕೆ ಅಂಟಿಸಿಕೊಂಡಿದ್ದೆ.

ನಿಲ್ಲುವುದೇ ಅರ್ಧ ವಿದ್ಯೆ

ಮ್ಯಾಚ್ ರೈಫಲ್ ನಾಲ್ಕರಿಂದ ಐದು ಕಿಲೋ ತೂಗುತ್ತದೆ. ನಿಯಮದ ಮಿತಿ ಐದೂವರೆ ಕಿಲೋ. ಅದನ್ನು ತೋಳಿನ ಬಲದಲ್ಲಿ ಎತ್ತಿ ಹಿಡಿದರೆ ಹತ್ತು ಶಾಟ್‌ಗೆ ಕೈ ನಡುಗುತ್ತದೆ. ಹೊಸಬರೆಲ್ಲರ ತಪ್ಪು ಇದೇ. ರೈಫಲ್ ಕೂರಬೇಕಾದ್ದು ಮೂಳೆಯ ಮೇಲೆ. ಬಲಗೈಯವರು ಎಡಮೊಣಕೈಯನ್ನು ಎಡಸೊಂಟದ ಮೂಳೆಗೆ ಆನಿಸಬೇಕು. ನೀರಿನ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ನಿಲ್ಲುವ ಹೆಂಗಸರನ್ನು ನೆನಪಿಸಿಕೊಳ್ಳಿ. ಸೊಂಟ ಆ ಕಡೆ ಸರಿಯುತ್ತದೆ, ಬೆನ್ನು ಈ ಕಡೆ ವಾಲುತ್ತದೆ, ಭಾರ ನೇರ ಕಾಲಿಗೆ ಇಳಿಯುತ್ತದೆ. ಅಜ್ಜಿ ಇದನ್ನು ನೋಡಿದ್ದರೆ "ಇಷ್ಟಕ್ಕೆ ಫೀಸು ಕಟ್ಟಿದ್ಯೇನೇ" ಅನ್ನುತ್ತಿದ್ದರು.

ಕಾಲು ಭುಜದಷ್ಟು ಅಗಲ. ಗುರಿಗೆ ಅಡ್ಡವಾಗಿ ನಿಲ್ಲಿ. ತಲೆ ನೆಟ್ಟಗೆ. ರೈಫಲ್ ಕೆನ್ನೆಗೆ ಬರಬೇಕು, ಕೆನ್ನೆ ರೈಫಲ್ಲಿಗೆ ಹೋಗಬಾರದು.

ಈಗ ನನಗೆ ತುಂಬ ಉಪಯೋಗಕ್ಕೆ ಬಂದ ಒಂದು ಪರೀಕ್ಷೆ. ಗುರಿ ಹಿಡಿದು ನಿಂತು ಕಣ್ಣು ಮುಚ್ಚಿ. ಎರಡು ಸಲ ನಿಧಾನ ಉಸಿರಾಡಿ, ಮೈ ಸಡಿಲ ಬಿಡಿ. ಈಗ ಕಣ್ಣು ತೆರೆದರೆ ರೈಫಲ್ ಎಲ್ಲಿ ನೋಡುತ್ತಿದೆ? ಪಕ್ಕಕ್ಕೆ ಹೋಗಿದ್ದರೆ ನಿಮ್ಮ ಮೈ ಹೇಳುತ್ತಿರುವುದು, ನನಗೆ ಇದೇ ಸಹಜ ಅಂತ. ಕೈಯಿಂದ ತಳ್ಳಿ ಸರಿ ಮಾಡಬೇಡಿ. ಹಿಂದಿನ ಪಾದವನ್ನು ಒಂದು ಬೆರಳಷ್ಟು ಸರಿಸಿ, ಮತ್ತೆ ಕಣ್ಣು ಮುಚ್ಚಿ ನೋಡಿ. ಕಣ್ಣು ತೆರೆದಾಗ ಗುರಿ ತಾನಾಗಿ ಎದುರಿಗಿರುವ ತನಕ ಹೀಗೇ ಮಾಡಿ. ಮೊದಲ ವಾರ ಇದಕ್ಕೇ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಕಾಲು ಸರಿಹೋದ ಮೇಲೆ ನೆಲದ ಮೇಲೆ ಚಾಕ್‌ಪೀಸಿನಿಂದ ಪಾದದ ಗುರುತು ಹಾಕಿಕೊಳ್ಳಿ.

ನಳಿಗೆಯ ತುದಿ ಕಾಲು ಮಿಲಿಮೀಟರ್ ಅಲುಗಿದರೆ ಗುರಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಆಗುತ್ತದೆ. ಅಂದರೆ ಪೂರ್ತಿ ಒಂದು ಅಂಕ. ಅದಕ್ಕೇ ಕಾಲಿನ ವಿಷಯಕ್ಕೆ ಇಷ್ಟೊಂದು ಹೇಳಿದೆ.

ಉಸಿರು, ಸೈಟ್, ಟ್ರಿಗರ್

ಸೈಟ್ ಅಂದರೆ ಗುರಿ ನೋಡಲು ರೈಫಲ್ ಮೇಲಿರುವ ಸಾಧನ, ಹಿಂದೊಂದು, ಮುಂದೊಂದು. ಹಿಂದಿನ ಪೀಪ್ ಸೈಟ್‌ನ ಸಣ್ಣ ತೂತಿನಲ್ಲಿ ನೋಡಿದರೆ ವೃತ್ತದೊಳಗೆ ವೃತ್ತ, ಅದರೊಳಗೆ ಕಪ್ಪು ಗುರಿ. ಕಪ್ಪಿನ ಸುತ್ತ ಬಿಳಿ ಒಂದೇ ಸಮ ಇರಬೇಕು. ಕಣ್ಣಿನ ಗಮನ ಮುಂದಿನ ಸೈಟಿನ ಉಂಗುರದ ಮೇಲೆ, ಗುರಿ ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ. ಹೊಸಬರು ಚಿಕ್ಕ ಉಂಗುರ ಕೇಳುತ್ತಾರೆ, ಚಿಕ್ಕದಾದರೆ ನಿಖರ ಅಂತ. ಉಂಗುರ ಚಿಕ್ಕದಾದಷ್ಟೂ ಅಲುಗಾಟ ದೊಡ್ಡದಾಗಿ ಕಂಡು ಗಾಬರಿಯಾಗುತ್ತದೆ. ದೊಡ್ಡದೇ ಇರಲಿ. ನಲವತ್ತು ದಾಟಿದವರು ಕಣ್ಣಿನ ಡಾಕ್ಟರ ಹತ್ತಿರ, ಸುಮಾರು ಒಂದು ಮೀಟರ್ ದೂರದ ವಸ್ತು ಸ್ಪಷ್ಟವಾಗಿ ಕಾಣಬೇಕು ಅಂತ ಕೇಳಿ.

ಉಸಿರು ಬಿಟ್ಟು, ಅಲ್ಲೇ ನಿಲ್ಲಿಸಿ. ಆರೆಂಟು ಸೆಕೆಂಡಿನೊಳಗೆ ಶಾಟ್ ಆಗದಿದ್ದರೆ ರೈಫಲ್ ಇಳಿಸಿ. ಇದು ಎಲ್ಲಕ್ಕಿಂತ ಕಷ್ಟ. ಇಷ್ಟು ಹೊತ್ತು ಹಿಡಿದೆನಲ್ಲ, ಬಿಟ್ಟೇಬಿಡೋಣ ಅನ್ನಿಸುತ್ತದೆ. ಹಾಗೆ ಬಿಟ್ಟ ಶಾಟ್ ಏಳಕ್ಕೋ ಎಂಟಕ್ಕೋ ಹೋಗುತ್ತದೆ. ರೈಫಲ್ ಅಲುಗುವುದಂತೂ ನಿಲ್ಲುವುದಿಲ್ಲ. ಅಲುಗಾಟದ ನಡುವೆಯೇ ಬೆರಳು ಮೆಲ್ಲಗೆ ಒತ್ತುತ್ತ ಹೋಗಬೇಕು. ಹತ್ತು ಕಂಡ ಕೂಡಲೇ ಕಿತ್ತು ಎಳೆದರೆ ಕೆಟ್ಟಿತು. ಠಪ್ ಅಂದ ಮೇಲೂ ಎರಡು ಸೆಕೆಂಡು ಹಾಗೇ ನೋಡುತ್ತ ನಿಲ್ಲಿ, ಏನೂ ಆಗಿಲ್ಲ ಎನ್ನುವ ಹಾಗೆ. ಇದೇ ಫಾಲೋ ಥ್ರೂ.

ಕರ್ಚೀಫ್ ಪಾಠ

ಈಗ ಇಡೀ ಲೇಖನ ಬರೆಯಲು ಕಾರಣವಾದ ವಿಷಯ.

ಎಲೆಕ್ಟ್ರಾನಿಕ್ ಟಾರ್ಗೆಟ್ ಇರುವ ಕಡೆ ನಿಮ್ಮ ಪಕ್ಕದಲ್ಲೇ ಒಂದು ಸ್ಕ್ರೀನ್ ಇರುತ್ತದೆ. ಪೆಲೆಟ್ ಬಿದ್ದ ಕ್ಷಣದಲ್ಲೇ ಚುಕ್ಕೆ, ಅಂಕ ಎರಡೂ ಬರುತ್ತವೆ. ನಾನು ಶಾಟ್ ಆದ ತಕ್ಷಣ, ಕೆಲವು ಸಲ ಆಗುವ ಮೊದಲೇ, ಅದರ ಕಡೆ ಕಣ್ಣು ಹೊರಳಿಸುತ್ತಿದ್ದೆ. ಹತ್ತು ಬಂದರೆ ಖುಷಿ, ಎಂಟು ಬಂದರೆ ಮುಂದಿನ ಮೂರೂ ಹಾಳು. ಮೂರನೇ ತಿಂಗಳಲ್ಲಿ ಒಂದು ಸಂಜೆ ಕೋಚ್ ಬಂದು ಜೇಬಿನಿಂದ ಕರ್ಚೀಫ್ ತೆಗೆದು ಸ್ಕ್ರೀನ್ ಮೇಲೆ ಹಾಕಿದರು.

"ಹೊಡೀರಿ ಮೇಡಂ."

ಹೊಡೆದೆ.

"ಎಲ್ಲಿ ಹೋಯ್ತು?"

"ಗೊತ್ತಿಲ್ಲ ಸರ್, ಮುಚ್ಚಿಬಿಟ್ಟಿದ್ದೀರಲ್ಲ."

"ಗೊತ್ತಿಲ್ಲ ಅಂದ್ರೆ? ಟ್ರಿಗರ್ ಒತ್ತಿದ್ಯಾರು?"

ಪಕ್ಕದ ಲೇನಿನ ಮಕ್ಕಳು ನಕ್ಕರು. ನನಗೂ ನಗು ಬಂತು, ಆದರೆ ಉತ್ತರ ಗೊತ್ತಿರಲಿಲ್ಲ. ಶಾಟ್ ಆದಾಗ ಸೈಟ್ ಎಲ್ಲಿತ್ತು ಅನ್ನುವುದನ್ನು ನಾನು ನೋಡಿಯೇ ಇರಲಿಲ್ಲ. ಆ ಸಂಜೆ 30 ಶಾಟ್ ಹಾಗೇ ಹೊಡೆಸಿದರು. ಪ್ರತಿ ಸಲ ಮೊದಲು ನಾನು ಹೇಳಬೇಕು, ಆಮೇಲೆ ಅವರು ಕರ್ಚೀಫಿನ ತುದಿ ಎತ್ತಿ ನೋಡುತ್ತಾರೆ. ಹೇಳುವುದು ಗಡಿಯಾರದ ಲೆಕ್ಕದಲ್ಲಿ. "ಒಂಬತ್ತು, ಮೂರು ಗಂಟೆ" ಅಂದರೆ ಬಲಕ್ಕೆ ಸರಿದ ಒಂಬತ್ತು. ಮೊದಲ ಹತ್ತರಲ್ಲಿ ಎರಡೋ ಮೂರೋ ಸರಿಯಾಯಿತು. ಕೊನೆಯ ಹತ್ತರಲ್ಲಿ ಆರು. ಅಂಕ ಏನೂ ಏರಲಿಲ್ಲ, ಆದರೆ ನೋಡಲು ಶುರುವಾಯಿತು.

ಇದನ್ನು ಮೊದಲ ವಾರದಿಂದಲೇ ಮಾಡಿ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಒಂದು ಕಡೆ ನೀವು ಹೇಳಿದ್ದು, ಇನ್ನೊಂದು ಕಡೆ ಬಿದ್ದದ್ದು. ಎರಡು ವಾರದಲ್ಲಿ ಪುಸ್ತಕವೇ ಮಾತಾಡುತ್ತದೆ. ನೀವು ನಡುವೆ ಅಂದದ್ದೆಲ್ಲ ಒಟ್ಟಾಗಿ ಎಡಕ್ಕೆ ಬೀಳುತ್ತಿದ್ದರೆ ಸೈಟಿನ ತಿರುಪು ತಿರುಗಿಸಬೇಕು. ನಡುವೆ ಅಂದದ್ದು ಒಂದೊಂದು ಒಂದೊಂದು ಕಡೆ ಹೋದರೆ ಸೈಟಿನ ತಪ್ಪಲ್ಲ, ಹೆಚ್ಚಾಗಿ ಶಾಟ್ ಹೊತ್ತಿಗೆ ರೆಪ್ಪೆ ಮುಚ್ಚುತ್ತಿದ್ದೀರಿ, ಇಲ್ಲ ತಲೆ ಬೇಗ ಎತ್ತುತ್ತಿದ್ದೀರಿ. ಮೇಲೆ ಕೆಳಗೆ ಸಾಲಾಗಿ ಬಿದ್ದರೆ ಮೊದಲು ಉಸಿರನ್ನು ನೋಡಿ. ಅಡ್ಡಡ್ಡ ಹರಡಿದರೆ ಕಾಲನ್ನು. ನೀವು "ಎಂಟು" ಅಂದಾಗ ಎಂಟೇ ಬಿದ್ದರೆ ಬೇಜಾರಾಗಬೇಡಿ, ಅದು ಒಳ್ಳೆ ಸುದ್ದಿ.

ಸೈಟ್ ತಿರುಗಿಸುವುದು ಐದು ಶಾಟಿನ ಗುಂಪು ನೋಡಿದ ಮೇಲೆಯೇ. ಒಂದು ಶಾಟ್ ಎಡಕ್ಕೆ ಹೋಯಿತು ಅಂತ ಒಂದು ಕ್ಲಿಕ್, ಇನ್ನೊಂದು ಬಲಕ್ಕೆ ಹೋಯಿತು ಅಂತ ವಾಪಸ್ ಒಂದು ಕ್ಲಿಕ್. ಈ ಬೆಕ್ಕು ಇಲಿ ಆಟ ನಾನು ಒಂದು ತಿಂಗಳು ಆಡಿದ್ದೇನೆ.

ಕಾಗದದ ಕಾರ್ಡಿರುವ ರೇಂಜಿನಲ್ಲಿ ಈ ಅಭ್ಯಾಸ ಇನ್ನೂ ಸುಲಭ. ಕಾರ್ಡ್ ಮೋಟರಿನಲ್ಲಿ ಕಿರ್ರ್ ಅಂತ ನಿಮ್ಮ ಹತ್ತಿರ ಬರುವಷ್ಟರಲ್ಲಿ ಬರೆದು ಮುಗಿಸಬಹುದು. ಕರೆಂಟ್ ಹೋದರೆ ಇನ್ನೂ ಜಾಸ್ತಿ ಸಮಯ.

ಏನು ಕೊಳ್ಳಬೇಕು, ಏನು ಬೇಡ

ರೈಫಲ್ ಬೇಡ. ಕನಿಷ್ಠ ಆರು ತಿಂಗಳು ಅಕಾಡೆಮಿಯದ್ದೇ ಸಾಕು. ಫೈನ್‌ವೆರ್ಕ್‌ಬೌ, ವಾಲ್ಥರ್ ತರಹದ ಜರ್ಮನ್ ಮ್ಯಾಚ್ ರೈಫಲ್ ಬೆಲೆ ಲಕ್ಷಗಳಲ್ಲಿದೆ, ಮಗಳ ಹಾಗೆ ತಿಂಗಳಿಗೆ ಬೇಜಾರಾದರೆ ಅಟ್ಟದ ಮೇಲೆ ಕೂರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಗಾಳಿಯ ಸಿಲಿಂಡರ್ ಮೇಲಿನ ತಾರೀಕು ಓದಿ. ತಯಾರಕರು ಸಾಮಾನ್ಯವಾಗಿ ಕೊಡುವುದು ಹತ್ತು ವರ್ಷ, ಅದು ಮುಗಿದಿದ್ದರೆ ಮ್ಯಾಚಿಗೆ ಬಿಡುವುದಿಲ್ಲ, ಗಾಳಿ ತುಂಬಿಸುವುದೂ ಅಪಾಯ.

ಮೊದಲು ಕೊಳ್ಳಬೇಕಾದ್ದು ಗ್ಲೌಸ್, ಆಮೇಲೆ ಶೂ, ಆಮೇಲೆ ಜಾಕೆಟ್. ಶೂಟಿಂಗ್ ಶೂ ತಳ ಚಪ್ಪಟೆ, ಹಾಕಿಕೊಂಡರೆ ಬಾತುಕೋಳಿ ನಡಿಗೆ. ಜಾಕೆಟ್ ಬೆನ್ನಿಗೆ ಆಸರೆ, ಬಿಗಿಯಾಗಿರಬೇಕು. ಬೆಳೆಯುವ ಮಕ್ಕಳಿಗೆ ಅಳತೆ ಕೊಟ್ಟು ಹೊಲಿಸಬೇಡಿ. ದೊಡ್ಡ ಮಕ್ಕಳಿಗೆ ಚಿಕ್ಕದಾದ ಜಾಕೆಟ್ ಪ್ರತಿ ರೇಂಜಿನಲ್ಲೂ ಸಿಗುತ್ತದೆ, ಸುಮ್ನೆ ವಿಚಾರಿಸಿ. ಒಳಗೆ ತೋಳಿರುವ ತೆಳ್ಳನೆಯ ಹತ್ತಿ ಬನಿಯನ್ ಹಾಕಿ. ಏಪ್ರಿಲ್‌ನಲ್ಲಿ ಆ ಜಾಕೆಟ್ಟಿನೊಳಗೆ ಒಂದು ಗಂಟೆ ನಿಂತರೆ ಯಾಕೆ ಅಂತ ಗೊತ್ತಾಗುತ್ತದೆ.

ಮನೆಯಲ್ಲಿ ಮಾಡಬಹುದಾದ್ದು: ದಿನಾ ಹತ್ತು ನಿಮಿಷ ಪ್ಲ್ಯಾಂಕ್, ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಲ್ಲುವುದು. ರೈಫಲ್ ಇದ್ದರೆ ಗೋಡೆಯ ಮೇಲೆ ಚುಕ್ಕೆ ಇಟ್ಟು ಪೆಲೆಟ್ ಇಲ್ಲದೆ ಡ್ರೈ ಫೈರ್. ಅದಕ್ಕೆ ಮ್ಯಾಚ್ ರೈಫಲ್ಲಿನಲ್ಲಿ ಬೇರೆ ಸೆಟ್ಟಿಂಗ್ ಇರುತ್ತದೆ. ಸ್ಪ್ರಿಂಗಿನ ಏರ್‌ಗನ್ನಿನಲ್ಲಿ ಮಾತ್ರ ಮಾಡಬೇಡಿ, ಒಳಗಿನ ಪಿಸ್ಟನ್ ಹಾಳಾಗುತ್ತದೆ.

ಮೊದಲ ಮ್ಯಾಚ್

ಸ್ಪರ್ಧೆಗಳ ದಾರಿ ಕ್ಲಬ್ ಮಟ್ಟದಿಂದ ರಾಜ್ಯ ಮಟ್ಟಕ್ಕೆ, ಅಲ್ಲಿಂದ ರಾಷ್ಟ್ರ ಮಟ್ಟಕ್ಕೆ. ರಾಜ್ಯದಲ್ಲಿ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್, ದೇಶಕ್ಕೆ ಎನ್‌ಆರ್‌ಎಐ, ಅಂದರೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ. ಮೇಲಿನ ಹಂತಕ್ಕೆ ಹೋಗಲು ಕನಿಷ್ಠ ಅರ್ಹತಾ ಅಂಕ ಬೇಕು. ಆ ಅಂಕ, ಫಾರಂ, ಕೊನೆಯ ದಿನ ಎಲ್ಲವನ್ನೂ ಆ ವರ್ಷದ ಸುತ್ತೋಲೆಯಲ್ಲೇ ಓದಿ. ವಾಟ್ಸಾಪ್ ಗ್ರೂಪಿನ ಮಾತು ನಂಬಿ ನಾನು ಒಂದು ಸಲ ಕೊನೆಯ ದಿನ ತಪ್ಪಿಸಿಕೊಂಡೆ.

ಕ್ಲಬ್ ಮ್ಯಾಚ್ ಒಂದಕ್ಕೆ ಬೇಗ ಹೆಸರು ಕೊಡಿ. ತಯಾರಾದ ಮೇಲೆ ಕೊಡುತ್ತೇನೆ ಅಂದರೆ ಆ ದಿನ ಬರುವುದೇ ಇಲ್ಲ. ಅಂದು ಬೆಳಗ್ಗೆ ಎರಡು ಇಡ್ಲಿ ಸಾಕು. ಬೈಟು ಕಾಫಿ ಕೂಡ ಬೇಡ. ನಾನು ದರ್ಶಿನಿಯಲ್ಲಿ ಪೂರ್ತಿ ಲೋಟ ಕುಡಿದು ಹೋಗಿದ್ದೆ. ಮುಂದಿನ ಸೈಟಿನ ಉಂಗುರ ನನ್ನ ನಾಡಿಯ ಜೊತೆ ಡಬ್ ಡಬ್ ಅಂತ ಕುಣಿಯುವುದನ್ನು ಒಂದು ಗಂಟೆ ನೋಡಿದೆ.

ಸಮಯದ ಲೆಕ್ಕ ಹೀಗೆ. ಮೊದಲ 15 ನಿಮಿಷ ತಯಾರಿ ಮತ್ತು ಸೈಟಿಂಗ್, ಅದರಲ್ಲಿ ಎಷ್ಟು ಹೊಡೆದರೂ ಲೆಕ್ಕಕ್ಕಿಲ್ಲ. ಆಮೇಲೆ 60 ಶಾಟ್‌ಗೆ ಎಲೆಕ್ಟ್ರಾನಿಕ್ ಟಾರ್ಗೆಟ್ಟಾದರೆ 75 ನಿಮಿಷ, ಕಾಗದವಾದರೆ 90. ಅಂದರೆ ಎಲೆಕ್ಟ್ರಾನಿಕ್‌ನಲ್ಲಿ ಶಾಟ್ ಒಂದಕ್ಕೆ 75 ಸೆಕೆಂಡು. ಕೇಳಲು ಜಾಸ್ತಿ ಅನ್ನಿಸುತ್ತದೆ. ನಾನು ಮೊದಲ 20 ಶಾಟ್‌ಗೇ 41 ನಿಮಿಷ ತೆಗೆದುಕೊಂಡೆ. ಉಳಿದ 40 ಶಾಟ್ 34 ನಿಮಿಷದಲ್ಲಿ ಹೊಡೆಯಬೇಕಾಯಿತು. ಆ ಗಡಿಬಿಡಿಯಲ್ಲಿ 37ನೇ ಶಾಟ್ ಹೊಡೆದು, ಅಭ್ಯಾಸದಂತೆ "ಹತ್ತು, ನಡುವೆ" ಅಂತ ಮನಸ್ಸಿನಲ್ಲೇ ಹೇಳಿಕೊಂಡು ಸ್ಕ್ರೀನ್ ನೋಡಿದರೆ ಏನೂ ಇಲ್ಲ. ಪಕ್ಕದ ಲೇನಿನ ಹುಡುಗ ಕೈ ಎತ್ತಿದ್ದ. ರೇಂಜ್ ಆಫೀಸರ್‌ಗೆ ಅವನು ಹೇಳುತ್ತಿದ್ದುದು ಕೇಳಿಸಿತು: "ಸರ್, ನಾನಿನ್ನೂ ಹೊಡ್ದೇ ಇಲ್ಲ, ಬಂದ್ಬಿಟ್ಟಿದೆ." ಬಂದದ್ದು 10.2, ನನ್ನದು. ಪಕ್ಕದವರ ಗುರಿಗೆ ಹೊಡೆದ ಮ್ಯಾಚ್ ಶಾಟ್ ನಿಮಗೆ ಸೊನ್ನೆ. ಪ್ರತಿ ಸಲ ರೈಫಲ್ ಎತ್ತಿದಾಗ ಗುರಿಯ ಮೇಲಿನ ಲೇನ್ ನಂಬರ್ ಒಮ್ಮೆ ನೋಡಿ. ಹುಡುಗ ಆಮೇಲೆ ಬಂದು, "ಪರ್ವಾಗಿಲ್ಲ ಆಂಟಿ, ನಂದೂ ಒಂದ್ಸಲ ಹೋಗಿತ್ತು" ಅಂತ ಸಮಾಧಾನ ಮಾಡಿದ.

ನಿಲ್ಲಿಸಿ ಅಂದ ಕೂಡಲೇ ನಿಲ್ಲಿಸಿ. ರೈಫಲ್ ಖಾಲಿ ಮಾಡಿ, ಫ್ಲ್ಯಾಗ್ ತೂರಿಸಿ, ಆಫೀಸರ್ ಬಂದು ನೋಡುವ ತನಕ ಲೇನ್ ಬಿಡಬೇಡಿ. ಅಂಕಪಟ್ಟಿಯ ಫೋಟೋ ತೆಗೆದುಕೊಳ್ಳಿ. ನನ್ನದು 558.3, ಸೊನ್ನೆ ಸೇರಿ. ನೋಟ್‌ಬುಕ್ಕಿನಲ್ಲಿ ಅವತ್ತೇ ಬರೆದುಬಿಡಿ, ಮಾರನೇ ದಿನಕ್ಕೆ ಅರ್ಧ ಮರೆತುಹೋಗುತ್ತದೆ. ಮತ್ತೆ ಮನೆಗೆ ಹೋದ ತಕ್ಷಣ ಜಾಕೆಟ್ ಹೊರಗೆ ತೆಗೆಯಿರಿ. ಬಿಸಿಲಿಗೆ ಬೇಡ, ನೆರಳಿನಲ್ಲಿ ಅಗಲವಾದ ಹ್ಯಾಂಗರಿಗೆ ಹಾಕಿ. ಬೆವರಿನ ಸಮೇತ ಮಡಚಿ ಬ್ಯಾಗಿನಲ್ಲೇ ಬಿಟ್ಟರೆ, ನಮ್ಮೂರ ಮಳೆಗಾಲದಲ್ಲಿ ಮುಂದಿನ ವಾರಕ್ಕೆ ಬೂಷ್ಟು ಹಿಡಿದಿರುತ್ತದೆ.